ನೀರು, ಸಕ್ಕರೆ, ಮೈದಾ, ಬೆಣ್ಣೆ: ನೀರಿನ ಪೈ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ದಾವಣಗೆರೆಯ ನಮ್ಮ ಬೀದಿಯಲ್ಲಿ, ಚಿತ್ರದುರ್ಗದ ನೆಂಟರ ಮನೆಗಳಲ್ಲಿ ಈ ಪೈ ತಿಂದವರು ಮೊದಲು ನಂಬುವುದಿಲ್ಲ. ಆಮೇಲೆ ಒಂದೊಂದೇ ಪ್ರಶ್ನೆ ಕೇಳಲು ಶುರು ಮಾಡುತ್ತಾರೆ. ಯಾರು ಕೇಳಿದರೂ ಹೆಚ್ಚುಕಡಿಮೆ ಅವೇ ಪ್ರಶ್ನೆಗಳು, ಹಾಗಾಗಿ ಎಲ್ಲವನ್ನೂ ಒಂದೇ ಕಡೆ ಬರೆದಿಟ್ಟಿದ್ದೇನೆ. ಅಳತೆ ಮಾತ್ರ ಸಾಕು ಅನ್ನುವವರು ನೇರ ಅಲ್ಲಿಗೇ ಹೋಗಿ. ಆದರೆ ಬೆಣ್ಣೆಯ ವಿಷಯ ಮತ್ತು ಪೈ ತಣ್ಣಗಾಗುವ ವಿಷಯ, ಇವೆರಡನ್ನು ಓದದೆ ಕೆಲಸ ಶುರು ಮಾಡಬೇಡಿ.

ಪೈ ಅಂದ್ರೆ ಏನು? ನಿಜವಾಗ್ಲೂ ನೀರಿನಿಂದ ಮಾಡೋದಾ?

ಹಿಟ್ಟನ್ನು ಲಟ್ಟಿಸಿ ತಟ್ಟೆಗೆ ಹಾಸಿ, ಒಳಗೆ ಹೂರಣ ತುಂಬಿ ಓವನ್‌ನಲ್ಲಿ ಬೇಯಿಸಿದರೆ ಅದು ಪೈ. ಅಮೆರಿಕದವರು ಹೂರಣಕ್ಕೆ ಸೇಬು, ಚೆರ್ರಿ, ಕುಂಬಳಕಾಯಿ ಹೀಗೆ ಏನೇನೋ ಹಾಕುತ್ತಾರೆ. ಇದರಲ್ಲಿ ಅದ್ಯಾವುದೂ ಇಲ್ಲ. ಹಾಲಿಲ್ಲ, ಮೊಟ್ಟೆ ಇಲ್ಲ, ಹಣ್ಣಿಲ್ಲ. ಕುಡಿಯುವ ನೀರು, ಸಕ್ಕರೆ, ಸ್ವಲ್ಪ ಮೈದಾ, ಬೆಣ್ಣೆ, ಅಷ್ಟೇ. ಬೇಯುವಾಗ ಮೈದಾದಲ್ಲಿರುವ ಪಿಷ್ಟ ಬಿಸಿ ನೀರು ಕುಡಿದು ಉಬ್ಬುತ್ತದೆ. ಆಮೇಲೆ ಪೂರ್ತಿ ತಣ್ಣಗಾದಾಗ ಆ ನೀರನ್ನು ಬಿಡದೆ ಹಿಡಿದುಕೊಂಡು ಗಟ್ಟಿಯಾಗುತ್ತದೆ. ಚಾಕು ಹಾಕಿದರೆ ಹಾಲುಬಾಯಿಯಂತೆ ನಯವಾಗಿ ತುಂಡಾಗಿ ಬರುತ್ತದೆ. ಬೆಣ್ಣೆ ಮೇಲೆ ತೇಲಿ ತೆಳ್ಳಗೆ ಹೊಂಬಣ್ಣದ ಕೆನೆ ಕಟ್ಟುತ್ತದೆ, ನನಗಂತೂ ಅದೇ ಬಹಳ ಇಷ್ಟ.

ಮೊಟ್ಟೆ ತಿನ್ನದ ಮನೆಗಳಲ್ಲಿ ಕೇಕ್ ಮಾಡಬೇಕಾದರೆ ಮೊಟ್ಟೆಗೆ ಬದಲಾಗಿ ಮೊಸರೋ ಮಿಲ್ಕ್‌ಮೇಡೋ ಹುಡುಕಬೇಕು. ಇಲ್ಲಿ ಅಂಥ ತಲೆನೋವು ಇಲ್ಲ, ಈ ಪೈಗೆ ಮೊದಲಿನಿಂದಲೂ ಮೊಟ್ಟೆಯೇ ಇಲ್ಲ.

ಇದು ಯಾರ ಅಡುಗೆ? ಎಲ್ಲಿಂದ ಬಂತು?

ಅಮೆರಿಕದ ಬಡತನದ ಅಡುಗೆ. 1929ರ ಅಕ್ಟೋಬರ್‌ನಲ್ಲಿ ನ್ಯೂಯಾರ್ಕಿನ ಷೇರುಪೇಟೆ ಕುಸಿದು ಬಿತ್ತು, ಬ್ಯಾಂಕುಗಳು ಮುಚ್ಚಿದವು, 1933ರ ಹೊತ್ತಿಗೆ ದುಡಿಯುವವರಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಕೆಲಸ ಇರಲಿಲ್ಲ. ಮಹಾ ಆರ್ಥಿಕ ಕುಸಿತ ಅಂತ ಪಠ್ಯಪುಸ್ತಕದಲ್ಲಿ ಓದಿರುತ್ತೀರಿ. ಆ ಕಾಲದಲ್ಲಿ ಮೊಟ್ಟೆ, ಹಾಲು, ಹಣ್ಣು ಕೊಳ್ಳಲಾಗದ ಮನೆಗಳಲ್ಲೂ ಹಿಟ್ಟು, ಸಕ್ಕರೆ ಸ್ವಲ್ಪ ಇರುತ್ತಿತ್ತು. ಮಕ್ಕಳಿಗೆ ಒಂದು ಸಿಹಿ ಆಗಲಿ ಅಂತ ಹೆಂಗಸರು ಮಾಡಿದ್ದು ಇಂಥ ಪೈಗಳನ್ನು. ಅದಕ್ಕೂ ಮುಂಚೆ, 19ನೇ ಶತಮಾನದಲ್ಲೇ, ಚಳಿಗಾಲದಲ್ಲಿ ಹಣ್ಣು ಸಿಗದ ಹಳ್ಳಿಗಳಲ್ಲಿ ವಿನೆಗರ್ ಹಾಕಿ ಪೈ ಮಾಡುತ್ತಿದ್ದರು. ಅದರ ಬಗ್ಗೆ ಮುಂದೆ ಹೇಳುತ್ತೇನೆ.

ಇದನ್ನು ಓದಿದಾಗ ನನಗೆ ಅಪರಿಚಿತ ಅನ್ನಿಸಲೇ ಇಲ್ಲ. ಬರಗಾಲ ನಮ್ಮ ಬಯಲುಸೀಮೆಗೆ ಹೊಸದಲ್ಲ. ಡಬ್ಬದಲ್ಲಿ ಏನಿದೆಯೋ ಅದರಲ್ಲೇ ಒಂದು ಸಿಹಿ ಮಾಡಿ ಎಲ್ಲರಿಗೂ ಒಂದೊಂದು ತುಂಡು ಬರುವಂತೆ ಹಂಚುವುದು ಚಳ್ಳಕೆರೆ, ಮೊಳಕಾಲ್ಮೂರು ಕಡೆಯ ಅಜ್ಜಿಯರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಸರಿ, ಅಳತೆ ಹೇಳಿ.

9 ಇಂಚಿನ, ಒಂದೂವರೆ ಇಂಚು ಆಳದ ತಟ್ಟೆಗೆ ಇದು ಸರಿಹೋಗುತ್ತದೆ. ಅಲ್ಯೂಮಿನಿಯಂ ಕೇಕ್ ತಟ್ಟೆ ಎಲ್ಲಕ್ಕಿಂತ ಒಳ್ಳೆಯದು. ಅಂಚು ಎತ್ತರವಿರುವ ಗಂಗಾಳವೂ ಆಗುತ್ತದೆ, ಆದರೆ ಸ್ಟೀಲಿಗೆ ಬಿಸಿ ಹರಡುವುದು ನಿಧಾನ, ತಳ ಬೇಯಲು ಐದು ಹತ್ತು ನಿಮಿಷ ಜಾಸ್ತಿ ಬೇಕು.

ಹೊರಗಿನ ಹಿಟ್ಟಿಗೆ: ಮೈದಾ 150 ಗ್ರಾಂ, ತಣ್ಣನೆಯ ಬೆಣ್ಣೆ 80 ಗ್ರಾಂ, ಅರ್ಧ ಟೀ ಚಮಚ ಉಪ್ಪು, ತಣ್ಣೀರು 3ರಿಂದ 4 ಟೇಬಲ್ ಚಮಚ.

ಹೂರಣಕ್ಕೆ: ನೀರು 360 ಮಿಲಿ, ಅಂದರೆ ಒಂದೂವರೆ ಕಪ್. ಸಕ್ಕರೆ 200 ಗ್ರಾಂ, ಅಂದರೆ ಒಂದು ಕಪ್. ಮೈದಾ 4 ಟೇಬಲ್ ಚಮಚ, ಬೆಣ್ಣೆ 70 ಗ್ರಾಂ, ವೆನಿಲಾ ಎಸೆನ್ಸ್ 2 ಟೀ ಚಮಚ, ಒಂದು ಚಿಟಿಕೆ ಉಪ್ಪು. ವೆನಿಲಾ ಇಲ್ಲದಿದ್ದರೆ ನಾಲ್ಕು ಏಲಕ್ಕಿ ಪುಡಿ ಮಾಡಿ ಹಾಕಿ, ಅಥವಾ ಸ್ವಲ್ಪ ಜಾಯಿಕಾಯಿ ತುರಿಯಿರಿ. ಮೂರರಲ್ಲಿ ಒಂದು ಮಾತ್ರ. ಎಲ್ಲಾ ಒಟ್ಟಿಗೆ ಹಾಕಿದರೆ ಬೆಣ್ಣೆಯ ರುಚಿ ಮುಚ್ಚಿಹೋಗುತ್ತದೆ.

ಮಾಡುವುದು ಹೇಗೆ?

ಮೈದಾಗೆ ಉಪ್ಪು ಬೆರೆಸಿ, ತಣ್ಣನೆಯ ಬೆಣ್ಣೆಯನ್ನು ಚೂರು ಮಾಡಿ ಹಾಕಿ, ಬೆರಳ ತುದಿಯಲ್ಲಿ ಉಜ್ಜಿ. ಪೂರ್ತಿ ಪುಡಿಯಾಗಬಾರದು, ಅಲ್ಲಲ್ಲಿ ಕಡಲೆಬೇಳೆ ಗಾತ್ರದ ಬೆಣ್ಣೆ ಚೂರುಗಳು ಕಾಣುತ್ತಿರಬೇಕು. ಬೇಯುವಾಗ ಆ ಚೂರುಗಳು ಕರಗಿ, ಅದರಲ್ಲಿರುವ ನೀರು ಆವಿಯಾಗಿ ಹಿಟ್ಟನ್ನು ಪದರ ಪದರವಾಗಿ ಎತ್ತುತ್ತದೆ. ನೀರು ಚಿಮುಕಿಸಿ ಒಟ್ಟುಗೂಡಿಸಿ ಅಷ್ಟೇ, ಚಪಾತಿ ಹಿಟ್ಟಿನ ಹಾಗೆ ನಾದಲೇಬೇಡಿ. ನಾದಿದಷ್ಟೂ ಮೈದಾ ಜಿಗುಟಾಗುತ್ತದೆ, ಬೆಂದ ಮೇಲೆ ಗಟ್ಟಿಯಾಗಿ ಹಲ್ಲಿಗೆ ಸಿಗುವುದೇ ಕಷ್ಟ. ಮುಚ್ಚಿ ಫ್ರಿಜ್‌ನಲ್ಲಿ ಅರ್ಧ ಗಂಟೆ ಇಟ್ಟು, ಆಮೇಲೆ ಲಟ್ಟಿಸಿ ತಟ್ಟೆಗೆ ಹಾಸಿ. ಅಂಚನ್ನು ಬೆರಳಲ್ಲಿ ಮಡಿಚಿ ಸ್ವಲ್ಪ ಎತ್ತರ ಮಾಡಿ, ಕರ್ಜಿಕಾಯಿ ಅಂಚು ಮಡಿಚಲು ಬರುವವರಿಗೆ ಇದು ಆಗಲೇ ಕೈಗೆ ಬಂದ ವಿದ್ಯೆ. ಹಿಟ್ಟಿನಲ್ಲಿ ಎಲ್ಲೂ ತೂತಾಗಲಿ ಬಿರುಕಾಗಲಿ ಇರಬಾರದು. ಇದ್ದರೆ ನೀರೆಲ್ಲ ಕೆಳಗೆ ಇಳಿಯುತ್ತದೆ. ಬೇರೆ ಪೈಗೆ ಫೋರ್ಕಿನಲ್ಲಿ ಚುಚ್ಚುವುದನ್ನು ನೋಡಿರುತ್ತೀರಿ, ಇದಕ್ಕೆ ಚುಚ್ಚಬಾರದು.

ಈಗ ಹಸಿ ಹಿಟ್ಟಿನ ಒಳಗೇ ನೀರು ಸುರಿಯಿರಿ. ಸಕ್ಕರೆ, ಮೈದಾ, ಚಿಟಿಕೆ ಉಪ್ಪನ್ನು ಒಣಗಿದ್ದ ಹಾಗೇ ಬೇರೆ ಬಟ್ಟಲಲ್ಲಿ ಚೆನ್ನಾಗಿ ಬೆರೆಸಿ ನೀರಿನ ಮೇಲೆ ಎಲ್ಲಾ ಕಡೆ ಸಮನಾಗಿ ಉದುರಿಸಿ. ಸಕ್ಕರೆ ಜೊತೆ ಬೆರೆಸುವುದು ಯಾಕೆಂದರೆ ಸಕ್ಕರೆ ಕಾಳು ಮೈದಾವನ್ನು ಬಿಡಿಸಿಡುತ್ತದೆ, ಗಂಟು ಕಟ್ಟುವುದಿಲ್ಲ. ಕಲಕಬೇಡಿ, ಬೇಯುವಾಗ ಕುದಿತದಲ್ಲಿ ತಾನೇ ಬೆರೆಯುತ್ತದೆ. ವೆನಿಲಾ ಸುರಿದು, ಬೆಣ್ಣೆಯನ್ನು ತೆಳ್ಳಗೆ ಕತ್ತರಿಸಿ ಮೇಲೆ ಇಡಿ.

ಮೊದಲೇ ಕಾಯಿಸಿದ ಓವನ್‌ನಲ್ಲಿ 200 ಡಿಗ್ರಿ ಸೆಲ್ಸಿಯಸ್‌ನಲ್ಲಿ 30 ನಿಮಿಷ. ಆಮೇಲೆ 190ಕ್ಕೆ ಇಳಿಸಿ, ಅಂಚು ಕಪ್ಪಾಗದಂತೆ ಅಲ್ಯೂಮಿನಿಯಂ ಫಾಯಿಲ್ ಸುತ್ತಿ, ಇನ್ನೂ 30 ನಿಮಿಷ. ಕೆಳಗೆ ಒಂದು ಟ್ರೇ ಇಟ್ಟಿರಿ, ಒಂದೊಂದು ಸಲ ಬೆಣ್ಣೆ ಉಕ್ಕಿ ಸೋರುತ್ತದೆ. ಒಳಗೆ ಇಡುವಾಗ ತುಳುಕುತ್ತದೆ ಎಂಬ ಭಯ ಇದ್ದರೆ ಹಿಟ್ಟು ಹಾಸಿದ ಖಾಲಿ ತಟ್ಟೆಯನ್ನು ಓವನ್ ಬಾಗಿಲ ಹತ್ತಿರ ಇಟ್ಟುಕೊಂಡು ನೀರು, ಉಳಿದದ್ದೆಲ್ಲ ಅಲ್ಲೇ ಹಾಕಿ.

ದಾವಣಗೆರೆ ಬೆಣ್ಣೆ ಹಾಕಬಹುದಾ, ಪ್ಯಾಕೆಟ್ ಬೆಣ್ಣೆಯೇ ಬೇಕಾ?

ಹಾಕಬಹುದಾ ಅಂತ ಕೇಳಬೇಡಿ, ಅದನ್ನೇ ಹಾಕಿ! ನಾಲ್ಕೇ ಸಾಮಾನಿನ ತಿಂಡಿ ಇದು. ನೀರಿಗೆ ರುಚಿಯಿಲ್ಲ, ಮೈದಾಗೆ ಇಲ್ಲ ಅನ್ನುವಷ್ಟೇ, ಸಕ್ಕರೆಗೆ ಸಿಹಿ ಒಂದೇ. ಉಳಿದ ರುಚಿ ಪೂರ್ತಿ ಬೆಣ್ಣೆಯದು. ಹಾಲು, ಮೊಟ್ಟೆ, ಹಣ್ಣು ಎಲ್ಲದರ ದುಡ್ಡೂ ಉಳಿದಿದೆ ತಾನೇ, ಬೆಣ್ಣೆಯಲ್ಲಿ ಮಾತ್ರ ಉಳಿಸಲು ಹೋಗಬೇಡಿ. ಕಾವಲಿಯ ದೋಸೆ ಮೇಲೆ ಬೀಳುವ ನಮ್ಮ ಬಿಳಿ ಬೆಣ್ಣೆಯ ಆ ಸಣ್ಣ ಹುಳಿ, ಆ ಘಮ ಈ ಪೈಯಲ್ಲಿ ಹಾಗೇ ಉಳಿಯುತ್ತದೆ. ಅಮೆರಿಕದ ಅಡುಗೆಯೊಂದು ನಮ್ಮ ಊರಿಗೆ ಇಷ್ಟು ಚೆನ್ನಾಗಿ ಹೊಂದುತ್ತದೆ ಎಂದು ನಾನು ಎಲ್ಲರಿಗೂ ಹೇಳುವುದು ಈ ಒಂದು ಕಾರಣಕ್ಕೆ.

ಆದರೆ ಮೂರು ವಿಷಯ ನೋಡಿಕೊಳ್ಳಿ. ಒಂದು, ನೀರು. ಪ್ಯಾಕೆಟ್ ಬೆಣ್ಣೆಯಲ್ಲಿ ನೂರಕ್ಕೆ 80 ಭಾಗ ಕೊಬ್ಬು ಇರುತ್ತದೆ. ಕಡೆದು ತೆಗೆದ ಬೆಣ್ಣೆಯಲ್ಲಿ ಮಜ್ಜಿಗೆ, ನೀರು ಅದಕ್ಕಿಂತ ಜಾಸ್ತಿ ಇರಬಹುದು, ಅದರಲ್ಲೂ ನೀರಲ್ಲಿ ಮುಳುಗಿಸಿಟ್ಟ ಮುದ್ದೆಯಲ್ಲಿ. ತಣ್ಣೀರಲ್ಲಿ ಎರಡು ಮೂರು ಸಲ ತೊಳೆದು, ಅಂಗೈಯಲ್ಲಿ ಒತ್ತಿ ನೀರು ಹಿಂಡಿ, ತೆಳು ಬಟ್ಟೆಯ ಮೇಲೆ ಸ್ವಲ್ಪ ಹೊತ್ತು ಇಟ್ಟು ಆಮೇಲೆ ತೂಗಿ. ಆಗಲೂ 10 ಗ್ರಾಂ ಜಾಸ್ತಿ ತೆಗೆದುಕೊಂಡರೆ ಲೆಕ್ಕ ಸರಿಹೋಗುತ್ತದೆ. ಹಿಟ್ಟು ಕಲಸುವಾಗ ನೀರು ಒಂದು ಚಮಚ ಕಡಿಮೆ ಹಾಕಿ ನೋಡಿ.

ಎರಡು, ವಾಸನೆ. ಕೆನೆ ಬಹಳ ದಿನ ಕೂಡಿಟ್ಟು ತೆಗೆದ ಬೆಣ್ಣೆಗೆ ಒಂದು ಘಾಟು ಬಂದಿರುತ್ತದೆ. ದೋಸೆಯಲ್ಲಿ ಚಟ್ನಿ ಜೊತೆ ಅದು ಗೊತ್ತಾಗುವುದಿಲ್ಲ, ಇಲ್ಲಿ ಮುಚ್ಚಲು ಏನೂ ಇಲ್ಲ. ಅಂಥ ಬೆಣ್ಣೆ ಇದ್ದರೆ ಕಾಯಿಸಿ ತುಪ್ಪ ಮಾಡಿಕೊಳ್ಳಿ.

ಮೂರು, ಉಪ್ಪು. ಬಿಳಿ ಬೆಣ್ಣೆಗೆ ಉಪ್ಪಿರುವುದಿಲ್ಲ, ಹಾಗಾಗಿ ಹೂರಣಕ್ಕೆ ಚಿಟಿಕೆ ಉಪ್ಪು ಬೇಕೇ ಬೇಕು. ಹಳದಿ ಪ್ಯಾಕೆಟ್ ಬೆಣ್ಣೆಗೆ ಸಾಮಾನ್ಯವಾಗಿ ಉಪ್ಪು ಹಾಕಿರುತ್ತಾರೆ. ಅದನ್ನೇ ಬಳಸುವುದಾದರೆ ಬೇರೆ ಉಪ್ಪು ಬಿಟ್ಟುಬಿಡಿ.

ತುಪ್ಪ, ಡಾಲ್ಡಾ, ಶೇಂಗಾ ಎಣ್ಣೆ ನಡೆಯುತ್ತಾ?

ಹೂರಣಕ್ಕೆ ಬೆಣ್ಣೆಯೇ. ಹೊರಗಿನ ಹಿಟ್ಟಿಗೆ ಬೇಕಾದರೆ ಬದಲಾಯಿಸಿ.

ತುಪ್ಪದಲ್ಲಿ ನೀರಿಲ್ಲ, ಅದಕ್ಕೇ 80 ಗ್ರಾಂ ಬದಲು 65 ಗ್ರಾಂ ಸಾಕು, ಗಟ್ಟಿ ತುಪ್ಪವೇ ಆಗಬೇಕು. ಪದರ ಬರುವುದಿಲ್ಲ, ನಾನ್‌ಖಟಾಯಿ ಥರ ಪುಡಿಪುಡಿಯಾಗಿ ಬರುತ್ತದೆ. ಅದೂ ರುಚಿಯೇ. ಡಾಲ್ಡಾದಲ್ಲಿ ಪದರ ಸಲೀಸಾಗಿ ಬರುತ್ತದೆ, ನಮ್ಮ ಸೆಖೆಗೆ ಬೆಣ್ಣೆಯಷ್ಟು ಬೇಗ ಕರಗುವುದಿಲ್ಲ. 2022ರಿಂದ ಅದರಲ್ಲಿ ಹೃದಯಕ್ಕೆ ಕೆಟ್ಟದ್ದಾದ ಟ್ರಾನ್ಸ್ ಫ್ಯಾಟ್ ಎಂಬ ಕೊಬ್ಬು ನೂರಕ್ಕೆ 2 ಭಾಗ ಮೀರಬಾರದು ಎಂಬ ನಿಯಮವೂ ಬಂದಿದೆ. ಆದರೂ ಬಾಯಲ್ಲಿ ಮೇಣದಂತೆ ಅಂಟುತ್ತದೆ, ನಾನು ಹಾಕುವುದಿಲ್ಲ.

ಶೇಂಗಾ ಎಣ್ಣೆ ಚಳ್ಳಕೆರೆಯ ಕಡೆ ಪ್ರತಿ ಮನೆಯಲ್ಲೂ ಇರುವ ಸಾಮಾನು, ಹಾಗಾಗಿ ಈ ಪ್ರಶ್ನೆ ಅಲ್ಲಿಂದಲೇ ಜಾಸ್ತಿ ಬರುತ್ತದೆ. ಆಗುತ್ತದೆ. 150 ಗ್ರಾಂ ಮೈದಾಗೆ ಸುಮಾರು 75 ಮಿಲಿ ಎಣ್ಣೆ, 2ರಿಂದ 3 ಟೇಬಲ್ ಚಮಚ ತಣ್ಣೀರು. ಲಟ್ಟಿಸಲು ಬರುವುದಿಲ್ಲ, ಬೆರಳಲ್ಲಿ ತಟ್ಟೆಗೆ ಒತ್ತಿ ಹರಡಬೇಕು. ಗಾಣದ ಎಣ್ಣೆಯಾದರೆ ಶೇಂಗಾ ವಾಸನೆ ಜೋರಾಗಿ ಬರುತ್ತದೆ. ಅದು ಇಷ್ಟವಾದವರು ವೆನಿಲಾ ಬಿಟ್ಟು ಏಲಕ್ಕಿ ಹಾಕಿ.

ಮೈದಾ ಬೇಡ ಅಂದ್ರೆ? ಗೋಧಿ, ಜೋಳ?

ಹೊರಗಿನ ಹಿಟ್ಟಿಗೆ ಅರ್ಧ ಗೋಧಿ, ಅರ್ಧ ಮೈದಾ ಚೆನ್ನಾಗಿರುತ್ತದೆ. ಪೂರ್ತಿ ಗೋಧಿ ಹಾಕಿದರೆ ನೀರು ಒಂದು ಚಮಚ ಜಾಸ್ತಿ ಬೇಕು, ಸ್ವಲ್ಪ ಒರಟಾಗುತ್ತದೆ. ಜೋಳದ ಹಿಟ್ಟಿಗೆ ಜಿಗುಟಿಲ್ಲ, ಲಟ್ಟಿಸಿ ಎತ್ತುವಾಗ ಒಡೆಯುತ್ತದೆ, ಒಡೆದ ಕಡೆ ನೀರು ಸೋರುತ್ತದೆ. ಈ ಪೈಗೆ ಅದು ಬೇಡ.

ಹೂರಣಕ್ಕೆ ಮೈದಾ ಬದಲು ಕಾರ್ನ್‌ಫ್ಲೋರ್ ಹಾಕುವುದಾದರೆ ಅರ್ಧ ಅಳತೆ ಸಾಕು. ಹೂರಣ ಗಾಜಿನಷ್ಟು ತಿಳಿಯಾಗಿ ಬರುತ್ತದೆ. ನೋಡಲು ಚೆಂದ, ಆದರೆ ಮೈದಾದ ನಯ ಬರುವುದಿಲ್ಲ.

ಏಪ್ರಿಲ್, ಮೇನಲ್ಲಿ ಹಿಟ್ಟು ಅಂಟಂಟಾಗಿ ಕೈಗೇ ಬರುತ್ತೆ, ಏನು ಮಾಡೋದು?

ಬೆಣ್ಣೆ ಕರಗುತ್ತಿದೆ, ಅದೇ ಕಾರಣ. ಬೆಳಗ್ಗೆ ಬೇಗ ಕಲಸಿ, ಬಿಸಿಲೇರುವ ಮುಂಚೆ ಲಟ್ಟಿಸಿ ಮುಗಿಸಿ. ಮೈದಾವನ್ನೂ ಬಟ್ಟಲನ್ನೂ ಹಿಂದಿನ ರಾತ್ರಿಯೇ ಫ್ರಿಜ್‌ನಲ್ಲಿಡಿ. ಫ್ರಿಜ್ ಇಲ್ಲದವರು ಮಡಕೆ ನೀರು ಬಳಸಿ, ಕಲ್ಲಿನ ನೆಲದ ಮೇಲೆ ತಟ್ಟೆ ಇಟ್ಟು ಮೇಲೆ ಒದ್ದೆ ಬಟ್ಟೆ ಹೊದಿಸಿ. ಎರಡು ಪ್ಲಾಸ್ಟಿಕ್ ಹಾಳೆಗಳ ನಡುವೆ ಇಟ್ಟು ಲಟ್ಟಿಸಿದರೆ ಒಣ ಹಿಟ್ಟು ಜಾಸ್ತಿ ಬೇಕಾಗುವುದಿಲ್ಲ. ಅರ್ಧದಲ್ಲಿ ಮೆತ್ತಗಾದರೆ ಹಟ ಮಾಡಿ ಲಟ್ಟಿಸಬೇಡಿ, ಹದಿನೈದು ನಿಮಿಷ ಮತ್ತೆ ಒಳಗಿಡಿ.

ಓವನ್ ಇಲ್ಲ. ಕುಕ್ಕರ್‌ನಲ್ಲಿ ಆಗುತ್ತಾ?

ದಪ್ಪ ತಳದ ಹಳೆ ಪಾತ್ರೆ ಅಥವಾ ಕಬ್ಬಿಣದ ಬಾಣಲೆಯಲ್ಲಿ ಆಗುತ್ತದೆ. ಒಳ್ಳೆ ಕುಕ್ಕರನ್ನು ನೀರಿಲ್ಲದೆ ಕಾಯಿಸಿ ಕೆಡಿಸಬೇಡಿ, ಹಳೆಯದಿದ್ದರೆ ಗ್ಯಾಸ್ಕೆಟ್, ವಿಷಲ್ ಎರಡನ್ನೂ ತೆಗೆದು ಬಳಸಿ. ತಳಕ್ಕೆ ಒಂದು ಇಂಚು ಕಲ್ಲುಪ್ಪು ಅಥವಾ ಮರಳು ಹಾಕಿ, ಮೇಲೆ ಸ್ಟ್ಯಾಂಡ್ ಇಟ್ಟು, ಮುಚ್ಚಿ ಹತ್ತು ಹದಿನೈದು ನಿಮಿಷ ಕಾಯಿಸಿ. 6 ಇಂಚಿನ ತಟ್ಟೆಯಲ್ಲಿ ಅರ್ಧ ಅಳತೆ ಮಾಡಿ, ದೊಡ್ಡದು ಬೇಡ. ಮಧ್ಯಮ ಉರಿಯಲ್ಲಿ ಒಂದು ಗಂಟೆಯಾದರೂ ಬೇಕು.

ಬಿಸಿ ಕೆಳಗಿನಿಂದ ಬರುವುದರಿಂದ ತಳ ಚೆನ್ನಾಗಿ ಬೇಯುತ್ತದೆ, ಅದು ಲಾಭವೇ. ಮೇಲಿನ ಅಂಚು ಮಾತ್ರ ಬಿಳಿಚಿಕೊಂಡಿರುತ್ತದೆ. ಇನ್ನೊಂದು ತೊಂದರೆ, ಮುಚ್ಚಳದಲ್ಲಿ ಆವಿ ನೀರಾಗಿ ಹೂರಣಕ್ಕೆ ತೊಟ್ಟಿಕ್ಕುತ್ತದೆ. ಮುಚ್ಚಳವನ್ನು ಒಂದು ಎಳೆಯಷ್ಟು ಓರೆ ಮಾಡಿಡಿ, ಆಗಾಗ ತೆಗೆದು ಒರೆಸಿ. ಅಳತೆಯ ನೀರನ್ನು 20 ಮಿಲಿ ಕಡಿಮೆ ಮಾಡಿ.

ಮೈಕ್ರೋವೇವ್‌ನಲ್ಲಿ ಆಗುವುದಿಲ್ಲ, ಹಿಟ್ಟು ಬೇಯದೆ ಒದ್ದೆಯಾಗಿ ಉಳಿಯುತ್ತದೆ. ಅದರಲ್ಲಿ ಕನ್ವೆಕ್ಷನ್, ಅಂದರೆ ಬಿಸಿ ಗಾಳಿಯಲ್ಲಿ ಬೇಯಿಸುವ ವ್ಯವಸ್ಥೆ, ಇದ್ದರೆ ಆಗುತ್ತದೆ.

ಪರಿಚಯದ ಬೇಕರಿ ಹತ್ತಿರದಲ್ಲಿದ್ದರೆ ಕೇಳಿ ನೋಡಿ. ಆದರೆ ತುಂಬಿದ ತಟ್ಟೆ ಹಿಡಿದು ಸ್ಕೂಟರ್ ಹತ್ತಬೇಡಿ, ಹಿಟ್ಟು ಹಾಸಿದ ತಟ್ಟೆ ಬೇರೆ, ಸಕ್ಕರೆ ಮಿಶ್ರಣ ಬೇರೆ ಡಬ್ಬದಲ್ಲಿ ಒಯ್ದು ನೀರನ್ನು ಅಲ್ಲೇ ಸುರಿಯಿರಿ.

ಒಂದು ಗಂಟೆ ಓವನ್ ಉರಿಸಿದ್ರೆ ಕರೆಂಟ್ ಬಿಲ್ ಬರಲ್ವಾ? ಇದರಲ್ಲಿ ಉಳಿತಾಯ ಏನು ಬಂತು?

ನ್ಯಾಯವಾದ ಪ್ರಶ್ನೆ. 1500 ವ್ಯಾಟ್‌ನ ಓಟಿಜಿ, ಅಂದರೆ ಮನೆಯ ಸಣ್ಣ ಕರೆಂಟ್ ಓವನ್, ಒಂದು ಗಂಟೆ ಬಿಡದೆ ಉರಿದರೆ ಒಂದೂವರೆ ಯೂನಿಟ್ ಆಗುತ್ತದೆ. ಬಿಸಿ ಏರಿದ ಮೇಲೆ ಅದು ಆಗಾಗ ತಾನೇ ಆಫ್ ಆಗುತ್ತಿರುತ್ತದೆ, ಹಾಗಾಗಿ ಮೊದಲು ಕಾಯಿಸುವುದನ್ನು ಸೇರಿಸಿದರೂ ಲೆಕ್ಕ ಅದರ ಆಸುಪಾಸಿನಲ್ಲೇ ಇರುತ್ತದೆ. ಪೈ ತೆಗೆದ ಕೂಡಲೇ ಬಿಸಿ ಓವನ್‌ಗೆ ಶೇಂಗಾ ಕಾಳು ಹಾಕಿ, ಸ್ವಿಚ್ ಆರಿಸಿದ್ದರೂ ಅರ್ಧ ಹುರಿದುಬಿಡುತ್ತದೆ. ಮೆತ್ತಗಾದ ಮಂಡಕ್ಕಿಯನ್ನೂ ಹಾಗೇ ಗರಿಗರಿ ಮಾಡಿಕೊಳ್ಳಬಹುದು.

ಬೇಯುವಾಗ ಮಧ್ಯೆ ಕರೆಂಟ್ ಹೋದರೆ?

ಬಾಗಿಲು ತೆಗೆಯಬೇಡಿ. ಹತ್ತು ಹದಿನೈದು ನಿಮಿಷದಲ್ಲಿ ಬಂದರೆ ಏನೂ ಆಗುವುದಿಲ್ಲ, ಅಷ್ಟೇ ಹೊತ್ತು ಜಾಸ್ತಿ ಬೇಯಿಸಿ. ಮೊದಲ ಅರ್ಧ ಗಂಟೆಯಲ್ಲಿ ಹೋಗಿ ಬಹಳ ಹೊತ್ತು ಬರದಿದ್ದರೆ ಮಾತ್ರ ತೊಂದರೆ, ಹಸಿ ಹಿಟ್ಟು ನೀರು ಕುಡಿದು ಮೆತ್ತಗಾಗುತ್ತದೆ. ಆಗ ಬಾಣಲೆಗೆ ವರ್ಗಾಯಿಸುವುದೇ ದಾರಿ.

ಪೂರ್ತಿ ಒಂದು ಗಂಟೆ ಬೇಯಿಸಿದೆ, ಇನ್ನೂ ನೀರು ನೀರಾಗಿದೆ!

ಎಲ್ಲರೂ ಹೆದರುವುದು ಇಲ್ಲೇ. ಹೊರಗೆ ತೆಗೆದಾಗ ಇದು ನೀರಾಗಿಯೇ ಇರುತ್ತದೆ, ಗುಳುಗುಳು ಕುದಿಯುತ್ತಿರುತ್ತದೆ, ಮೇಲೆ ಬೆಣ್ಣೆ ತೇಲುತ್ತಿರುತ್ತದೆ. ನೋಡಿದವರು ಕೆಟ್ಟುಹೋಯಿತು ಅಂದುಕೊಂಡು ಮತ್ತೆ ಒಳಗಿಟ್ಟು ಅಂಚು ಕಪ್ಪು ಮಾಡುತ್ತಾರೆ. ಬೇಡ. ಅಂಚು ಹೊಂಬಣ್ಣಕ್ಕೆ ಬಂದು ನಡುಭಾಗದಲ್ಲೂ ಗುಳ್ಳೆ ಏಳುತ್ತಿದ್ದರೆ ಬೆಂದಿದೆ ಅಂತಲೇ ಅರ್ಥ. ಪಿಷ್ಟ ನೀರನ್ನು ಗಟ್ಟಿಯಾಗಿ ಹಿಡಿಯುವುದು ತಣ್ಣಗಾಗುವಾಗ. ಬೆಣ್ಣೆ ಹೆಪ್ಪುಗಟ್ಟುವುದೂ ಆಗಲೇ. ಎರಡೂ ಆಗಬೇಕು.

ಮೂರು ನಾಲ್ಕು ಗಂಟೆ ಹೊರಗೆ ಅಲುಗಾಡದ ಕಡೆ ಇಡಿ, ಆಮೇಲೆ ಫ್ರಿಜ್‌ನಲ್ಲಿ ಇನ್ನೂ ನಾಲ್ಕು ಗಂಟೆ. ರಾತ್ರಿ ಮಾಡಿ ಬೆಳಗ್ಗೆ ಕತ್ತರಿಸಿದರೆ ಎಲ್ಲಕ್ಕಿಂತ ಒಳ್ಳೆಯದು. ಮಕ್ಕಳು ಚಾಕು ಹಿಡಿದು ಸುತ್ತ ನಿಂತಿರುತ್ತಾರೆ, ಪಾಪ, ಆದರೂ ಬಿಡಬೇಡಿ. ಬಿಸಿ ಇದ್ದಾಗ ಕತ್ತರಿಸಿದರೆ ಸಕ್ಕರೆ ನೀರು ಹರಿದುಹೋಗುತ್ತದೆ, ಮತ್ತೆ ಏನು ಮಾಡಿದರೂ ಗಟ್ಟಿಯಾಗುವುದಿಲ್ಲ. ಸಂಜೆ ನೆಂಟರು ಬರುತ್ತಾರೆ ಅಂತ ಮಧ್ಯಾಹ್ನ ಶುರು ಮಾಡುವ ತಿಂಡಿ ಇದಲ್ಲ.

ರಾತ್ರಿಯೆಲ್ಲಾ ಇಟ್ಟರೂ ಗಟ್ಟಿಯಾಗಿಲ್ಲ. ಈಗ?

ಆಗ ನಡುಭಾಗ ಕುದಿಯಲೇ ಇಲ್ಲ ಎಂದರ್ಥ. ನಮ್ಮ ಮನೆಗಳ ಸಣ್ಣ ಓವನ್‌ಗಳಲ್ಲಿ ಮುಳ್ಳು 200 ತೋರಿಸಿದರೂ ಒಳಗೆ ಅಷ್ಟು ಬಿಸಿ ಇರುವುದಿಲ್ಲ. ಮುಂದಿನ ಸಲ ಗಡಿಯಾರ ಬಿಟ್ಟು ಗುಳ್ಳೆ ನೋಡಿ, ನಡುವೆ ಗುಳ್ಳೆ ಬಂದ ಮೇಲೂ ಹತ್ತು ನಿಮಿಷ ಬಿಡಿ. ಇನ್ನೊಂದು ಕಾರಣ ಚಮಚದ ಅಳತೆ. ಟೇಬಲ್ ಚಮಚ ಅಂದರೆ 15 ಮಿಲಿ, ಟೀ ಚಮಚ 5 ಮಿಲಿ. ಮನೆಯ ಊಟದ ಚಮಚ ಎರಡರ ನಡುವೆ ಇರುತ್ತದೆ, ಮೈದಾ ಕಡಿಮೆ ಬಿದ್ದಿರುತ್ತದೆ.

ತಳ ಹಸಿಯಾಗಿ ಅಂಟುತ್ತೆ.

ತಟ್ಟೆಯನ್ನು ಓವನ್‌ನ ಕೆಳಗಿನ ಹಂತದಲ್ಲಿಡಿ, ಓವನ್ ಪೂರ್ತಿ ಕಾದ ಮೇಲೆಯೇ ಇಡಿ. ಹಿಟ್ಟನ್ನು ದಪ್ಪ ಲಟ್ಟಿಸಬೇಡಿ, ಚಪಾತಿಗಿಂತ ಸ್ವಲ್ಪ ದಪ್ಪ ಸಾಕು. ನೀರು ಸುರಿದು ಸುಮ್ನೆ ಹೊರಗೆ ಇಟ್ಟುಕೊಂಡು ಕೂರಬೇಡಿ.

ಬೆಲ್ಲ ಹಾಕಬಹುದಾ?

ಹಾಕಬಹುದು. 200 ಗ್ರಾಂ ಬೆಲ್ಲವನ್ನು ಅದೇ 360 ಮಿಲಿ ನೀರಲ್ಲಿ ಬಿಸಿ ಮಾಡಿ ಕರಗಿಸಿ, ಸೋಸಿ, ತಣ್ಣಗೆ ಮಾಡಿ. ಮೈದಾವನ್ನು ಇದೇ ನೀರಲ್ಲಿ ಸ್ವಲ್ಪ ತೆಗೆದುಕೊಂಡು ಗಂಟಿಲ್ಲದೆ ಕದಡಿ ಸೇರಿಸಿ, ಒಂದು ಚಮಚ ಮೈದಾ ಜಾಸ್ತಿ ಹಾಕಿ. ಕಂದು ಬಣ್ಣ ಬರುತ್ತದೆ, ಏಲಕ್ಕಿ ಹಾಕಿದರೆ ನಮ್ಮ ಹಬ್ಬದ ಸಿಹಿಯ ಹತ್ತಿರ ಹೋಗುತ್ತದೆ. ನಮ್ಮ ಮನೆಯ ಹಿರಿಯರಿಗೆ ಇದೇ ಇಷ್ಟ. ನನಗೆ ಮಾತ್ರ ಸಕ್ಕರೆಯದೇ, ಬೆಲ್ಲದ ಮುಂದೆ ಬೆಣ್ಣೆ ಹಿಂದೆ ಸರಿಯುತ್ತದೆ.

ಸಿಹಿ ಜಾಸ್ತಿ ಅನ್ನಿಸುತ್ತೆ, ಸಕ್ಕರೆ ಕಡಿಮೆ ಮಾಡಿದರೆ?

150 ಗ್ರಾಂವರೆಗೆ ಇಳಿಸಿ, ಹೂರಣ ಇನ್ನೂ ಚೆನ್ನಾಗಿಯೇ ಗಟ್ಟಿಯಾಗುತ್ತದೆ. ಅದಕ್ಕಿಂತ ಕೆಳಗೆ ಹೋದರೆ ಸಪ್ಪೆ ಗಂಜಿ. ಶುಗರ್ ಇರುವವರಿಗೆ ಈ ಪೈ ಬೇಡ. ಸಕ್ಕರೆ, ಮೈದಾ ಬಿಟ್ಟರೆ ಇದರಲ್ಲಿ ಇನ್ನೇನಿದೆ? ಬೆಲ್ಲದ್ದೂ ಅಷ್ಟೇ, ಅದು ಒಳ್ಳೆಯದು ಅಂತ ಹೇಳಿ ಕೊಡಬೇಡಿ.

ನೀರಿನ ಬದಲು ಸ್ಪ್ರೈಟ್ ಹಾಕೋದನ್ನ ವಿಡಿಯೋದಲ್ಲಿ ನೋಡಿದೆ.

ಹಾಕುತ್ತಾರೆ, ಆಗುತ್ತದೆ, ನಿಂಬೆಯ ರುಚಿ ಬರುತ್ತದೆ. ಆದರೆ ಅದರಲ್ಲಿ ಆಗಲೇ ಸಕ್ಕರೆ ಇದೆ, ಅಳತೆಯ ಸಕ್ಕರೆಯನ್ನು ಸ್ವಲ್ಪ ಕಡಿಮೆ ಮಾಡಬೇಕು. ಬಾಟಲಿಗೆ ದುಡ್ಡು ಕೊಟ್ಟ ಮೇಲೆ ಇದು ಡಬ್ಬದ ಸಾಮಾನಿನ ಪೈ ಅಲ್ಲ. ಒಂದು ನಿಂಬೆಹಣ್ಣಿನ ಸಿಪ್ಪೆ ತುರಿದು ಹಾಕಿ ಸಾಕು.

ಹುಳಿ ಸಿಹಿ ಇಷ್ಟ. ಆ ವಿನೆಗರ್ ಪೈ ಅಂದ್ರಲ್ಲ, ಅದು ಹೇಗೆ?

ನಿಂಬೆಹಣ್ಣು ಸಿಗದ, ಸಿಕ್ಕರೂ ದುಬಾರಿಯಾದ ಊರುಗಳಲ್ಲಿ ಹುಳಿಗೋಸ್ಕರ ವಿನೆಗರ್ ಹಾಕುತ್ತಿದ್ದರು. ಅವರು ಬಳಸುತ್ತಿದ್ದದ್ದು ಹೆಚ್ಚಾಗಿ ಸೇಬಿನ ರಸದಿಂದ ಮಾಡಿದ ಮೆದು ವಿನೆಗರ್, ಜೊತೆಗೆ ಮೊಟ್ಟೆಯೂ ಇರುತ್ತಿತ್ತು. ನಮ್ಮ ಅಂಗಡಿಯ ಬಿಳಿ ವಿನೆಗರ್ ಮೂಗಿಗೆ ಹೊಡೆಯುತ್ತದೆ. ನಮ್ಮಲ್ಲಿ ನಿಂಬೆಹಣ್ಣು ಇರುವಾಗ ಅದ್ಯಾಕೆ? 2 ಟೇಬಲ್ ಚಮಚ ನಿಂಬೆರಸವನ್ನು ನೀರಿಗೆ ಸೇರಿಸಿ, ಮೈದಾ ಒಂದು ಚಮಚ ಜಾಸ್ತಿ ಮಾಡಿ. ಹುಳಿಯಲ್ಲಿ ಬಹಳ ಹೊತ್ತು ಕುದಿದರೆ ಪಿಷ್ಟದ ಹಿಡಿತ ಸಡಿಲವಾಗುತ್ತದೆ, ಅದಕ್ಕೆ ಈ ಒಂದು ಚಮಚ.

ಮನೇಲಿ ಹಾಲು, ಕೆನೆ ಮಿಕ್ಕಿದೆ. ಹಾಕಲಾ?

ಆಗ ಅದು ಬೇರೆ ಪೈ ಆಗುತ್ತದೆ, ಬಹಳ ಒಳ್ಳೆಯ ಪೈ. ಶುಗರ್ ಕ್ರೀಮ್ ಪೈ ಅಂತ ಅದರ ಹೆಸರು. ಅಮೆರಿಕದ ಇಂಡಿಯಾನಾ ರಾಜ್ಯದ ಹಳ್ಳಿಗಳದ್ದು, 19ನೇ ಶತಮಾನದಿಂದ ಮಾಡುತ್ತಿದ್ದಾರೆ. 2009ರಲ್ಲಿ ಅಲ್ಲಿನ ಸೆನೆಟ್ ಒಂದು ನಿರ್ಣಯ ಮಾಡಿ ಇದನ್ನೇ ತಮ್ಮ ರಾಜ್ಯದ ಪೈ ಅಂತ ಒಪ್ಪಿಕೊಂಡಿತು. ಹಿಂದೆ ಕೆನೆ, ಸಕ್ಕರೆ, ಹಿಟ್ಟನ್ನು ಹಸಿ ಹಿಟ್ಟಿನ ತಟ್ಟೆಯೊಳಗೇ ಹಾಕಿ, ಸೌಟಿನಿಂದ ಹಿಟ್ಟು ಹರಿಯಬಾರದೆಂದು ಬೆರಳಿನಿಂದಲೇ ಕಲಕುತ್ತಿದ್ದರಂತೆ. ನೀರಿನ ಬದಲು ಅಷ್ಟೇ ಅಳತೆಯ ಹಾಲು ಕೆನೆ ಹಾಕಿ, ಕೆನೆಯೇ ಜಾಸ್ತಿ ಇರಲಿ, ಬೆಣ್ಣೆ ಅರ್ಧ ಮಾಡಿ, ಮೇಲೆ ಜಾಯಿಕಾಯಿ ತುರಿಯಿರಿ. ದಿನಾ ಹಾಲು ಕಾಯಿಸಿ ಕೂಡಿಟ್ಟ ಕೆನೆ ಸಾಕು, ಹುಳಿಯಾಗಿರಬಾರದು ಅಷ್ಟೇ.

ಬಿಸ್ಕತ್ತಿನಲ್ಲಿ ಸೇಬಿನ ಪೈ ಮಾಡ್ತಾರಂತೆ, ನಿಜಾನಾ?

ನಿಜ. ಸೇಬು ಒಂದೂ ಇಲ್ಲದ ಸೇಬಿನ ಪೈ. ಉಪ್ಪು ಬಿಸ್ಕತ್ತನ್ನು ಮುರಿದು ಹಿಟ್ಟಿನೊಳಗೆ ಹಾಕಿ, ನಿಂಬೆರಸ ಸೇರಿಸಿದ ಸಕ್ಕರೆ ಪಾಕ ಸುರಿದು, ದಾಲ್ಚಿನ್ನಿ, ಬೆಣ್ಣೆ ಹಾಕಿ, ಮೇಲೆ ಲಟ್ಟಿಸಿದ ಹಿಟ್ಟಿನ ಇನ್ನೊಂದು ಹಾಳೆ ಮುಚ್ಚಿ ಬೇಯಿಸುತ್ತಾರೆ. ಬಿಸ್ಕತ್ತು ಪಾಕ ಕುಡಿದು ಬೆಂದ ಸೇಬಿನಷ್ಟೇ ಮೆತ್ತಗಾಗುತ್ತದೆ, ಹುಳಿ ಮತ್ತು ದಾಲ್ಚಿನ್ನಿ ಸೇರಿ ನಾಲಿಗೆ ಅದನ್ನು ಸೇಬು ಅಂತಲೇ ತಿಳಿಯುತ್ತದೆ. 19ನೇ ಶತಮಾನದಲ್ಲೇ ಸೋಡಾ ಬಿಸ್ಕತ್ತಿನಲ್ಲಿ ಮಾಡುತ್ತಿದ್ದರು, 1934ರಲ್ಲಿ ರಿಟ್ಜ್ ಬಿಸ್ಕತ್ತು ಬಂದ ಮೇಲೆ ಅದರ ಡಬ್ಬದ ಮೇಲೆಯೇ ಈ ವಿಧಾನ ಅಚ್ಚಾಗಿ ಮನೆಮನೆಗೆ ಹೋಯಿತು. ಇದಕ್ಕೋಸ್ಕರ ಬಿಸ್ಕತ್ತು ಕೊಳ್ಳಬೇಡಿ. ಪ್ಯಾಕೆಟ್ ತೆರೆದಿಟ್ಟು ಮೆತ್ತಗಾಗಿದ್ದರೆ ಮಾಡಿ.

ಎಷ್ಟು ದಿನ ಇಡಬಹುದು?

ಫ್ರಿಜ್‌ನಲ್ಲಿ ಮುಚ್ಚಿಟ್ಟರೆ ಮೂರು ದಿನ. ಎರಡನೇ ದಿನದಿಂದ ತಳ ಮೆತ್ತಗಾಗುತ್ತದೆ, ರುಚಿ ಕೆಡುವುದಿಲ್ಲ. ನಮ್ಮ ಬೇಸಿಗೆಯಲ್ಲಿ ಹೊರಗಿಟ್ಟರೆ ಒಂದು ದಿನವೂ ನಂಬಬೇಡಿ. ಫ್ರೀಜರ್‌ನಲ್ಲಿ ಇಡಬಾರದು, ಕರಗಿದಾಗ ಹೂರಣ ನೀರು ಬಿಡುತ್ತದೆ. ಮಕ್ಕಳ ಟಿಫನ್ ಡಬ್ಬಿಗೂ ಬೇಡ, ಮಧ್ಯಾಹ್ನದ ಹೊತ್ತಿಗೆ ಬೆಣ್ಣೆ ಕರಗಿ ಪುಸ್ತಕಕ್ಕೆ ಮೆತ್ತಿರುತ್ತದೆ.

ಅಂಚು ಕತ್ತರಿಸಿ ಉಳಿದ ಹಿಟ್ಟು ಏನು ಮಾಡಲಿ?

ಎಸೆಯಬೇಡಿ. ಒಟ್ಟುಗೂಡಿಸಿ ಮತ್ತೆ ಲಟ್ಟಿಸಿ, ಮೇಲೆ ಸಕ್ಕರೆ, ಏಲಕ್ಕಿ ಉದುರಿಸಿ, ಪಟ್ಟಿ ಕತ್ತರಿಸಿ ಪೈ ಪಕ್ಕದಲ್ಲೇ ಓವನ್‌ಗಿಡಿ, ಹದಿನೈದು ನಿಮಿಷಕ್ಕೆ ಗರಿಗರಿ ಬಿಸ್ಕತ್ತು. ಅಥವಾ ಶಂಕರಪೋಳಿ ಹಾಗೆ ಕತ್ತರಿಸಿ ಸಣ್ಣ ಉರಿಯಲ್ಲಿ ಎಣ್ಣೆಯಲ್ಲಿ ಕರಿಯಿರಿ. ಇದರಲ್ಲಿ ಬೆಣ್ಣೆ ಜಾಸ್ತಿ ಇರುವುದರಿಂದ ಸ್ವಲ್ಪ ಒಣ ಮೈದಾ ಸೇರಿಸಿ ನಾದಿಕೊಂಡೇ ಕರಿಯಬೇಕು, ಇಲ್ಲದಿದ್ದರೆ ಎಣ್ಣೆಯಲ್ಲಿ ಬಿಚ್ಚಿಕೊಳ್ಳುತ್ತದೆ. ಪೈ ತಣ್ಣಗಾಗಲಿ ಅಂತ ಕಾಯುವ ಮಕ್ಕಳ ಕೈಗೆ ಅಲ್ಲಿಯವರೆಗೆ ಇದನ್ನು ಕೊಡಿ.